ಎಪ್ಪತ್ತೆರಡು ಗಂಟೆ ನಿದ್ದೆಗೆಟ್ಟ ಡಾಕ್ಟರು

ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಗದಗ, ಬಾಗಲಕೋಟೆ, ವಿಜಯಪುರ ದಾಟಿದರೆ ಸೊಲ್ಲಾಪುರ ಬರುತ್ತೆ. ಸವಣೂರು, ಶಿಗ್ಗಾಂವಿ, ಹಾನಗಲ್ಲ ಕಡೆಯವರಿಗೆ ಆ ಊರು ಅಂದ ಕೂಡಲೇ ನೆನಪಾಗೋದು ಸೊಲ್ಲಾಪುರಿ ಚಾದರ, ಶೇಂಗಾ ಚಟ್ನಿ, ಸೊನ್ನಲಿಗೆಯ ಸಿದ್ಧರಾಮೇಶ್ವರ. ಮಹಾರಾಷ್ಟ್ರದಲ್ಲಿದ್ದರೂ ಕನ್ನಡ ಕಿವಿಗೆ ಬೀಳೋ ಊರು ಅದು. ಅಲ್ಲಿ ಹುಟ್ಟಿದ ಒಬ್ಬ ಡಾಕ್ಟರ ಪ್ರತಿಮೆ ಇವತ್ತು ಚೀನಾದ ಶಿಜಿಯಾಝುವಾಂಗ್ ನಗರದಲ್ಲಿದೆ. ಅದೇ ನಗರದ ಒಂದು ಮೆಡಿಕಲ್ ಶಾಲೆಗೂ ಅವರದೇ ಹೆಸರು. ಅವರು ಡಾ. ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್.

ಕೋಟ್ನಿಸ್ ಬಗ್ಗೆ ಬರೆಯೋರೆಲ್ಲ ಒಂದು ಸಂಖ್ಯೆಯನ್ನ ತಪ್ಪದೆ ಹೇಳ್ತಾರೆ: 72. ಯುದ್ಧರಂಗದಲ್ಲಿ ನಿದ್ದೆಯಿಲ್ಲದೆ 72 ಗಂಟೆ ಆಪರೇಷನ್ ಮಾಡಿದವರು ಅಂತ. ಅವರ ಬದುಕಿನಲ್ಲಿ ಇನ್ನೊಂದು ಸಂಖ್ಯೆಯೂ ಇದೆ: 32. ಅದು ಅವರು ತೀರಿಕೊಂಡ ವಯಸ್ಸು. ಮೊದಲನೇ ಸಂಖ್ಯೆಗೆ ನಾವು ಚಪ್ಪಾಳೆ ತಟ್ತೀವಿ, ಎರಡನೇದಕ್ಕೆ ಅಯ್ಯೋ ಅಂತೀವಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋದು ಮಾತ್ರ ಕಡಿಮೆ. ಈ ಲೇಖನ ಅದನ್ನ ಮಾಡೋಕೆ ಹೊರಟಿದೆ. ಯಾಕಂದ್ರೆ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಒಬ್ಬ ನರ್ಸ್, ಒಬ್ಬ ಆಶಾ ಕಾರ್ಯಕರ್ತೆ, ಇಲ್ಲಾ ಹೌಸ್ ಸರ್ಜನ್ಸಿ ಮಾಡೋ ಅಕ್ಕನೋ ಅಣ್ಣನೋ ಇದ್ದಾರೆ. ನೈಟ್ ಡ್ಯೂಟಿ ಮುಗಿಸಿ ಬಂದು, ಉಣ್ಣೋಕೂ ಆಗದೆ ಹಾಗೇ ಒರಗಿಬಿಡೋ ಅವರನ್ನ ನಾವು ನೋಡಿದ್ದೀವಿ.

ಮಿಲ್ಲಿನ ಊರಿನ ಹುಡುಗ

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು. ಆಗ ಸೊಲ್ಲಾಪುರವೂ ನಮ್ಮ ಧಾರವಾಡ ಜಿಲ್ಲೆಯೂ ಒಂದೇ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಹತ್ತಿ ಗಿರಣಿಗಳ ಊರು, ಮಧ್ಯಮ ವರ್ಗದ ಮರಾಠಿ ಮನೆ. ತಂದೆ ಶಾಂತಾರಾಮ ಕೋಟ್ನಿಸ್ ಮಿಲ್ಲಿನಲ್ಲಿ ನೌಕರಿಗಿದ್ದರು. ಇಬ್ಬರು ತಮ್ಮ-ಅಣ್ಣಂದಿರು, ಐವರು ಅಕ್ಕ-ತಂಗಿಯರು. ಮಗ ಡಾಕ್ಟರಾದರೆ ಮನೆ ಮೇಲೇಳುತ್ತೆ ಅಂತ ನಂಬಿಕೊಂಡ ಲಕ್ಷಾಂತರ ಮನೆಗಳ ಹಾಗೆ ಅದೂ ಒಂದು.

ಹುಡುಗ ಬೆಳೆದ ಕಾಲ ಸುಮ್ಮನಿರೋ ಕಾಲವಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ನಂತರ ಸೊಲ್ಲಾಪುರ ಸಿಡಿದೆದ್ದಿತು. ಬ್ರಿಟಿಷರು ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಆ ಊರಿನ ನಾಲ್ವರನ್ನ, ಅಂದರೆ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಅವರನ್ನ, ಯರವಾಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಆಗ ಕೋಟ್ನಿಸ್‌ಗೆ 20 ವರ್ಷ, ಅಂದರೆ ನಮ್ಮದೇ ವಯಸ್ಸು.

ಮುಂಬೈಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಅವರು ಡಾಕ್ಟರಾದರು. ಮುಂದೆ ಹೆಚ್ಚಿನ ಓದು, ಆಮೇಲೆ ಪ್ರಾಕ್ಟೀಸ್, ಆಮೇಲೆ ಮದುವೆ. ಎಲ್ಲರ ಹಾಗೆ ಅವರ ದಾರಿಯೂ ಹಾಗೇ ಸಾಗಬೇಕಿತ್ತು.

ಐವರು ಹೊರಟರು

1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ತಿ ಪ್ರಮಾಣದ ಯುದ್ಧ ಶುರುಮಾಡಿತು. ಚೀನಾದ ಸೇನಾನಿ ಝೂ ದೆ ಜವಾಹರಲಾಲ್ ನೆಹರೂ ಅವರಿಗೆ ಡಾಕ್ಟರುಗಳನ್ನ ಕಳಿಸಿಕೊಡಿ ಅಂತ ಕೇಳಿಕೊಂಡರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ 1938ರ ಜೂನ್ 30ರಂದು ದೇಶದ ಜನರಿಗೆ ಮನವಿ ಮಾಡಿದರು. ಜುಲೈ 7ರಿಂದ 9ರವರೆಗೆ ಚೀನಾ ದಿನಗಳನ್ನ ಆಚರಿಸಿ 22,000 ರೂಪಾಯಿ ಕೂಡಿಸಿದರು. ತಾನೇ ಇನ್ನೂ ಗುಲಾಮಗಿರಿಯಲ್ಲಿದ್ದ ಒಂದು ದೇಶ ಇನ್ನೊಂದು ದೇಶದ ಗಾಯಾಳುಗಳಿಗೆ ಡಾಕ್ಟರುಗಳನ್ನ ಕಳಿಸ್ತು ಅನ್ನೋದು ಸಣ್ಣ ಮಾತಲ್ಲ.

ತಂಡದಲ್ಲಿ ಐವರು. ಅಲಹಾಬಾದಿನ ಡಾ. ಮದನಮೋಹನ್ ಅಟಲ್ ಮುಖ್ಯಸ್ಥರು. ನಾಗಪುರದ ಡಾ. ಚೋಳ್ಕರ್, ಕಲ್ಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್. 1938ರ ಸೆಪ್ಟೆಂಬರ್ 1ರಂದು ಮುಂಬೈಯಿಂದ ರಜಪುತಾನಾ ಅನ್ನೋ ಹಡಗು ಹತ್ತಿದರು. ಕೋಟ್ನಿಸ್‌ಗೆ ಇನ್ನೂ 28 ತುಂಬಿರಲಿಲ್ಲ.

ಅವರು ಚೀನಾ ಮುಟ್ಟೋ ಹೊತ್ತಿಗೆ ಅಲ್ಲಿ ನಿಂತ ನೆಲವೇ ಕುಸಿಯುತ್ತಿತ್ತು. ಆ ಅಕ್ಟೋಬರಿನಲ್ಲೇ ಗುವಾಂಗ್‌ಝೌ ಬಿತ್ತು, ಕೆಲವೇ ದಿನಗಳಲ್ಲಿ ವುಹಾನ್ ಬಿತ್ತು. ತಂಡ ಯಾಂಗ್‌ತ್ಸೆ ನದಿಯಗುಂಟ ಹಿಂದೆ ಸರಿಯುತ್ತ, ಸಿಕ್ಕಲ್ಲಿ ಗಾಯಾಳುಗಳನ್ನ ನೋಡುತ್ತ ಚೋಂಗ್‌ಚಿಂಗ್ ಸೇರಿತು. ಅಲ್ಲಿ ಕೋಟ್ನಿಸ್‌ಗೆ ಮನೆಯ ಸುದ್ದಿ ಬಂತು. ತಂದೆ ತೀರಿಕೊಂಡಿದ್ದರು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ದುಡಿಯೋ ತಂದೆ ಹೋದ ಮನೆಯ ಪರಿಸ್ಥಿತಿ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆವತ್ತಿಗೆ ಪತ್ರ ಒಂದೇ ಸಂಪರ್ಕ, ಅದೂ ಯುದ್ಧದ ನಡುವೆ. ಅಳೋದಕ್ಕೆ ಒಂದು ಮನೆಯ ಮೂಲೆ ಇರಲಿಲ್ಲ, ಹನ್ನೆರಡನೇ ದಿನಕ್ಕೆ ಸೇರಿಕೊಳ್ಳೋ ಬಳಗ ಇರಲಿಲ್ಲ. ವಾಪಸ್ ಹೋಗಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಕೋಟ್ನಿಸ್ ಉಳಿದರು. ಆಗ ಅವರಿಗೆ ಇದ್ದ ಆಸರೆ ಅಂದರೆ ಪಕ್ಕದಲ್ಲಿದ್ದ ನಾಲ್ವರು. ಆ ನಾಲ್ವರೂ ಕೊನೇವರೆಗೆ ಪಕ್ಕದಲ್ಲಿ ಇರಲಿಲ್ಲ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಐದರಿಂದ ಒಂದು

1939ರ ಫೆಬ್ರುವರಿಯಲ್ಲಿ ತಂಡ ಯೆನಾನ್ ತಲುಪಿತು. ಮಣ್ಣುಗುಡ್ಡ ಕೊರೆದು ಮಾಡಿದ ಗುಹೆಗಳೇ ಅಲ್ಲಿನ ಮನೆ, ಗುಹೆಗಳೇ ಆಸ್ಪತ್ರೆ. ಮಾವೋ, ಝೂ ದೆ ಬಂದು ಸ್ವಾಗತಿಸಿದರು. ಐವರಿಗೂ ಚೀನೀ ಹೆಸರು ಸಿಕ್ಕಿತ್ತು, ಪ್ರತಿಯೊಬ್ಬರ ಹೆಸರಿನ ಕೊನೆಗೂ ಚೀನಾ ಅನ್ನೋ ಅರ್ಥದ ಹುವಾ. ಕೋಟ್ನಿಸ್ ಅಲ್ಲಿ ಕೆ ದಿಹುವಾ ಆದರು. ಇವತ್ತಿಗೂ ಚೀನಾದಲ್ಲಿ ಅವರನ್ನ ಕರೆಯೋದು ಅದೇ ಹೆಸರಿನಿಂದ.

ಆ ವರ್ಷವೇ ಚೋಳ್ಕರ್ ಮತ್ತು ಮುಖರ್ಜಿ ಭಾರತಕ್ಕೆ ಮರಳಿದರು. ಮುಖರ್ಜಿಯವರಿಗೆ ಕಿಡ್ನಿ ಕಾಯಿಲೆ. 1940ರಲ್ಲಿ ಅಟಲ್ ಹೊರಟರು. ಬಸು ಯೆನಾನಿನಲ್ಲಿ ಉಳಿದರು. ಕೋಟ್ನಿಸ್ ಎಂಟನೇ ದಂಡಿನ ಜೊತೆ ಇನ್ನೂ ಮುಂದೆ, ಜಿನ್-ಚಾ-ಜಿ ಅನ್ನೋ ಗಡಿ ಪ್ರದೇಶಕ್ಕೆ ಹೋದರು. ಅದು ಸುತ್ತಲೂ ಜಪಾನೀ ಸೇನೆ ಇದ್ದ ಬೆಟ್ಟಗಾಡು. ಹೋದವರು ತಪ್ಪು ಮಾಡಿದರು ಅಂತ ಹೇಳೋಕೆ ಇದನ್ನ ಬರೀತಿಲ್ಲ. ಕಾಯಿಲೆ ಬಿದ್ದ ಡಾಕ್ಟರು ಮನೆಗೆ ಹೋಗೋದು ಸರಿಯೇ. ಹೋದವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಐವರ ತಂಡದಲ್ಲಿ ಆ ಬೆಟ್ಟದಲ್ಲಿ ಉಳಿದವರು ಒಬ್ಬರೇ.

ಆ ಪ್ರದೇಶದಲ್ಲಿ ಅವರಿಗಿಂತ ಮೊದಲು ಕೆಲಸ ಮಾಡಿದವರು ಕೆನಡಾದ ಸರ್ಜನ್ ನಾರ್ಮನ್ ಬೆಥೂನ್. ಸ್ಪೇನಿನ ಯುದ್ಧದಲ್ಲಿ ರಕ್ತದ ಬಾಟಲಿಗಳನ್ನ ಗಾಡಿಯಲ್ಲಿ ಒಯ್ದು ರಣರಂಗದ ಹತ್ತಿರವೇ ರಕ್ತ ಕೊಡೋ ವ್ಯವಸ್ಥೆ ಕಟ್ಟಿದ ಮನುಷ್ಯ. ಚೀನಾದಲ್ಲಿ ಹೇಸರಗತ್ತೆಯ ಮೇಲೆ ಹೇರಿಕೊಂಡು ಹೋಗಬಹುದಾದ ಆಪರೇಷನ್ ಥಿಯೇಟರನ್ನೇ ವಿನ್ಯಾಸ ಮಾಡಿದರು. ನಮ್ಮಂಥವರು ಓದಲೇಬೇಕಾದ ಡಿಸೈನ್ ಅದು. ಆದರೆ ಆ ಹೇರಿನಲ್ಲಿ ಕೆಲವೊಮ್ಮೆ ಕೈಗವಸೂ ಇರ್ತಿರಲಿಲ್ಲ. ಆಪರೇಷನ್ ಮಾಡುವಾಗ ಬೆಥೂನ್ ಅವರ ಬೆರಳು ಕುಯ್ದು, ನಂಜೇರಿ, 1939ರ ನವೆಂಬರ್ 12ರಂದು ಅವರು ತೀರಿಕೊಂಡರು. ಪೆನಿಸಿಲಿನ್ ಇನ್ನೂ ಬಳಕೆಗೆ ಬಂದಿರದ ಕಾಲ. ಕೋಟ್ನಿಸ್ ಹೋಗಿ ನಿಂತದ್ದು ಆ ಖಾಲಿ ಜಾಗದಲ್ಲಿ.

ಎಪ್ಪತ್ತೆರಡು ಗಂಟೆ

1940ರಲ್ಲಿ ಜಪಾನೀ ಸೇನೆಯ ವಿರುದ್ಧ ದೀರ್ಘ ಕದನ ನಡೆಯಿತು. ಔಷಧಿಗೆ ಬರ, ಬ್ಯಾಂಡೇಜಿಗೆ ಬರ. ಗಾಯಾಳುಗಳಿಗೆ ಮಾತ್ರ ಬರ ಇರಲಿಲ್ಲ. ಒಬ್ಬರನ್ನ ಮೇಜಿನಿಂದ ಇಳಿಸೋ ಹೊತ್ತಿಗೆ ಇನ್ನೊಬ್ಬರು ಸ್ಟ್ರೆಚರಿನಲ್ಲಿ ಕಾಯುತ್ತಿದ್ದರು. ಆ ಕದನದಲ್ಲಿ ಕೋಟ್ನಿಸ್ ಮೂರು ಹಗಲು ಮೂರು ರಾತ್ರಿ ಕಣ್ಣು ಮುಚ್ಚದೆ ಆಪರೇಷನ್ ಮಾಡಿದರು. ಒಟ್ಟು 800ಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು.

ಇದು ಅಸಾಮಾನ್ಯ ಧೈರ್ಯ, ಅನುಮಾನವೇ ಇಲ್ಲ. ಅವರು ಮಲಗಿದ್ದರೆ ಆ ಮೇಜಿನ ಮೇಲಿದ್ದವನು ಸಾಯುತ್ತಿದ್ದ. ಬೇರೆ ಡಾಕ್ಟರಿಲ್ಲದ ಕಡೆ ಅದು ಬಿಟ್ಟು ದಾರಿ ಇರಲಿಲ್ಲ. ಆದರೆ ದೇಹಕ್ಕೆ ಈ ಧೈರ್ಯ ಗೊತ್ತಾಗಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ನಿದ್ದೆ ಕೆಟ್ಟವರ ಕೆಲಸವನ್ನೂ ಕುಡಿದವರ ಕೆಲಸವನ್ನೂ ಹೋಲಿಸಿ ನೋಡಿದರು. 17 ಗಂಟೆ ಸತತ ಎಚ್ಚರವಿದ್ದ ಮನುಷ್ಯನ ಗಮನ ಮತ್ತು ಕೈಚಳಕ, ರಕ್ತದಲ್ಲಿ 0.05 ಪ್ರತಿಶತ ಮದ್ಯ ಇರೋ ಮನುಷ್ಯನದಕ್ಕೆ ಸಮ. ಒಂದು ಪೂರ್ತಿ ಹಗಲು ರಾತ್ರಿ ಕಳೆದರೆ ಸುಮಾರು 0.10 ಪ್ರತಿಶತಕ್ಕೆ ಸಮ. ನಮ್ಮ ದೇಶದಲ್ಲಿ ಗಾಡಿ ಓಡಿಸೋರಿಗೆ ಇರೋ ಮಿತಿ 0.03. ಅಂದರೆ ಬೈಕ್ ಓಡಿಸೋಕೆ ಬಿಡದಂಥ ಸ್ಥಿತಿಯಲ್ಲಿ ಇರೋರ ಕೈಗೆ ನಾವು ಎಷ್ಟೋ ಆಸ್ಪತ್ರೆಗಳಲ್ಲಿ ಸಿರಿಂಜು, ಸ್ಕಾಲ್ಪೆಲ್ ಕೊಡ್ತಾ ಇದ್ದೀವಿ. ಕೋಟ್ನಿಸ್ ಎದುರು ಯುದ್ಧವಿತ್ತು. ಇವತ್ತಿನ ವಾರ್ಡಿನಲ್ಲಿ ಇರೋದು ಸರಿಯಾಗಿ ಹಾಕದ ಡ್ಯೂಟಿ ಚಾರ್ಟ್.

ಇನ್ನಷ್ಟು ಕೈಗಳು

ಕೋಟ್ನಿಸ್ ಕಥೆಯಲ್ಲಿ ಸಿನಿಮಾಗಳಿಗೆ ಅಷ್ಟಾಗಿ ಬೇಕಾಗದ, ಆದರೆ ನಮಗೆ ಬೇಕಾದ ಭಾಗ ಇದು. 1941ರ ಜನವರಿಯಲ್ಲಿ ಅವರು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಆ ಆಸ್ಪತ್ರೆಯ ಜೊತೆ ಒಂದು ಮೆಡಿಕಲ್ ಶಾಲೆ ಇತ್ತು. ಅಲ್ಲಿಗೆ ಬರುತ್ತಿದ್ದವರು ರೈತರ ಮಕ್ಕಳು, ಸಿಪಾಯಿಗಳು. ಕೋಟ್ನಿಸ್ ಅವರಿಗಾಗಿ ಚೀನೀ ಭಾಷೆ ಕಲಿತರು, ಚೀನೀ ಭಾಷೆಯಲ್ಲೇ ಪಾಠ ಮಾಡಿದರು. ಶಸ್ತ್ರಚಿಕಿತ್ಸೆಯ ಮೂಲಪಾಠಗಳ ಒಂದು ಪುಸ್ತಕ ಬರೆದು ಮುಗಿಸಿದರು, ವಿವರವಾದ ಎರಡನೆಯದನ್ನ ಶುರುಮಾಡಿದರು.

ಒಬ್ಬ ಡಾಕ್ಟರು ಎಷ್ಟು ಗಂಟೆ ನಿಂತರೂ ದಿನಕ್ಕೆ ಇರೋದು 24 ಗಂಟೆ. ಅದಕ್ಕಿಂತ ಹೆಚ್ಚು ಕೆಲಸ ಆಗಬೇಕು ಅಂದ್ರೆ ಕೈಗಳು ಹೆಚ್ಚಬೇಕು. ಕೋಟ್ನಿಸ್ ಪಾಠ ಮಾಡಿದ ಪ್ರತಿ ಗಂಟೆಯೂ ಮುಂದಿನ ಯಾವುದೋ ರಾತ್ರಿ ಅವರ ಬದಲಿಗೆ ಇನ್ನೊಬ್ಬರು ಮೇಜಿನ ಮುಂದೆ ನಿಲ್ಲೋ ಹಾಗೆ ಮಾಡೋ ಗಂಟೆ. 72 ಗಂಟೆಯ ಕಥೆಗೆ ಉತ್ತರ ಆ ಪಠ್ಯಪುಸ್ತಕದಲ್ಲಿತ್ತು.

ಆ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದವರು ಗುವೋ ಚಿಂಗ್‌ಲಾನ್. 1940ರಲ್ಲಿ ಬೆಥೂನ್ ಸಮಾಧಿಯ ಉದ್ಘಾಟನೆಯ ದಿನ ಅವರು ಕೋಟ್ನಿಸ್ ಅವರನ್ನ ಮೊದಲ ಸಲ ಕಂಡರು. ಚೀನೀ ಭಾಷೆಯಲ್ಲಿ ಮಾತಾಡೋ ಈ ಭಾರತೀಯ ಡಾಕ್ಟರ ಪರಿಚಯ ಸ್ನೇಹವಾಯಿತು. 1941ರ ಕೊನೆಗೆ ಮದುವೆಯಾದರು. ಗುವೋ ಅವರನ್ನ ಬರೀ ಕೋಟ್ನಿಸ್ ಪತ್ನಿ ಅಂತ ಹೇಳಿ ಮುಂದೆ ಹೋಗೋದು ಅನ್ಯಾಯ. ಗಾಯಾಳು ಮೇಜಿನಿಂದ ಇಳಿದ ಮೇಲೆ ಅವನನ್ನ ಉಳಿಸೋದು ನರ್ಸು. ಡ್ರೆಸಿಂಗ್ ಬದಲಿಸೋದು, ಜ್ವರ ಏರಿತಾ ನೋಡೋದು, ರಾತ್ರಿ ಎರಡಕ್ಕೆ ಕೂಗಿದವನ ಪಕ್ಕ ಹೋಗಿ ನಿಲ್ಲೋದು. ಸರ್ಜನ್ನರ ಹೆಸರು ಪ್ರತಿಮೆಯಾಗುತ್ತೆ, ನರ್ಸುಗಳ ಹೆಸರು ಡ್ಯೂಟಿ ಬುಕ್ಕಿನಲ್ಲಿ ಉಳಿಯುತ್ತೆ. ಗುವೋ ಅಂಥ ನರ್ಸುಗಳನ್ನ ತಯಾರು ಮಾಡುತ್ತಿದ್ದರು. ಮನೆಗೆ ಬಂದರೆ ಅವರ ಗಂಡನೂ ದಣಿದವರೇ.

1942ರ ಆಗಸ್ಟ್ 23ರಂದು ಮಗ ಹುಟ್ಟಿದ. ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

ಕೊನೆಯ ವರ್ಷ

ಅಷ್ಟರಲ್ಲಿ ಕೋಟ್ನಿಸ್ ಅವರ ದೇಹ ಸೋಲುತ್ತಿತ್ತು. ಅಪಸ್ಮಾರ, ನಮ್ಮ ಕಡೆ ಫಿಟ್ಸ್ ಅಂತೀವಲ್ಲ, ಅದು ಮತ್ತೆ ಮತ್ತೆ ಬರತೊಡಗಿತು. ನಿದ್ದೆಗೆಡೋದು ಈ ಕಾಯಿಲೆಗೆ ಎಷ್ಟು ಕೆಟ್ಟದ್ದು ಅಂತ ಇವತ್ತು ಯಾವ ನರರೋಗ ತಜ್ಞರನ್ನ ಕೇಳಿದರೂ ಹೇಳ್ತಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ನಿದ್ದೆ, ಇವೆರಡೂ ಇದ್ದರೆ ಬಹಳಷ್ಟು ಜನ ಎಲ್ಲರಂತೆ ಬದುಕ್ತಾರೆ. ಕೋಟ್ನಿಸ್ ಇದ್ದದ್ದು ಶತ್ರು ಸೇನೆ ಸುತ್ತುವರಿದ ಬೆಟ್ಟದ ಹಳ್ಳಿಯಲ್ಲಿ. ಸರಿಯಾದ ಔಷಧಿ ಇಲ್ಲ, ನಿದ್ದೆಗೆ ಹೊತ್ತಿಲ್ಲ. ಬೇರೆ ಕಡೆ ಹೋಗಿ ಚಿಕಿತ್ಸೆ ಪಡೆಯಿರಿ ಅಂತ ಹಿರಿಯರು ಹೇಳಿದರೂ ಅವರು ಒಪ್ಪಲಿಲ್ಲ. ಆಸ್ಪತ್ರೆಯಿತ್ತು, ಶಾಲೆಯಿತ್ತು, ಅರ್ಧ ಬರೆದ ಪುಸ್ತಕವಿತ್ತು.

1942ರ ಡಿಸೆಂಬರ್ 9ರಂದು, ಫಿಟ್ಸ್ ಮೇಲೆ ಫಿಟ್ಸ್ ಬಂದು, ಕೋಟ್ನಿಸ್ ತೀರಿಕೊಂಡರು. ಮಗನಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಎರಡನೇ ಪುಸ್ತಕ ಅಲ್ಲಿಗೇ ನಿಂತಿತು. ಮಾವೋ ಮತ್ತು ಸುನ್ ಯಾತ್-ಸೆನ್ ಅವರ ಪತ್ನಿ ಸೂಂಗ್ ಚಿಂಗ್-ಲಿಂಗ್ ಶ್ರದ್ಧಾಂಜಲಿ ಬರೆದರು. ಹಳ್ಳಿಯ ಮಣ್ಣಿನಲ್ಲಿ ಮಲಗಿಸಿದ ದೇಹವನ್ನ ಮುಂದೆ ಶಿಜಿಯಾಝುವಾಂಗಿನ ಹುತಾತ್ಮರ ಸ್ಮಶಾನಕ್ಕೆ ತಂದರು.

ಭಾರತದಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಅವರ ಬಗ್ಗೆ ಪುಸ್ತಕ ಬರೆದರು, 1946ರಲ್ಲಿ ವಿ. ಶಾಂತಾರಾಮ್ ಸಿನಿಮಾ ಮಾಡಿದರು. ಚೀನಾ 1982ರಲ್ಲಿ, ಭಾರತ 1993ರಲ್ಲಿ ಅಂಚೆಚೀಟಿ ತಂದವು. ಸೊಲ್ಲಾಪುರದ ಮನೆ ಈಗ ಸ್ಮಾರಕ. ಮಗ ಯಿನ್‌ಹುವಾ ತಂದೆಯ ಹಾಗೇ ವೈದ್ಯಕೀಯ ಓದೋಕೆ ಸೇರಿದ, ಓದು ಮುಗಿಯೋ ಮೊದಲೇ 1967ರಲ್ಲಿ ತೀರಿಕೊಂಡ. ಗುವೋ ಚಿಂಗ್‌ಲಾನ್ 2012ರವರೆಗೆ ಬದುಕಿದ್ದರು. ಗಂಡನ ಊರನ್ನ ನೆನೆದು ಭಾರತಕ್ಕೆ ಹಲವು ಸಲ ಬಂದು ಹೋದರು.

ದಣಿವಿಗೆ ಹೆಸರು ಬಂದದ್ದು

ಕೋಟ್ನಿಸ್ ಕಾಲದಲ್ಲಿ ಬರ್ನೌಟ್ ಅನ್ನೋ ಪದ ಈ ಅರ್ಥದಲ್ಲಿ ಇರಲಿಲ್ಲ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನೋ ಮನಃಶಾಸ್ತ್ರಜ್ಞ ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತ ಈ ಬಗ್ಗೆ ಬರೆದರು. ಸೇವೆ ಮಾಡಬೇಕು ಅಂತ ಉತ್ಸಾಹದಿಂದ ಬಂದವರೇ ಕೆಲವು ತಿಂಗಳಲ್ಲಿ ಒಳಗಿಂದ ಸುಟ್ಟು ಬೂದಿಯಾಗೋದನ್ನ ಅವರು ಕಂಡಿದ್ದರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಇದನ್ನ ಅಳೆಯೋ ಪ್ರಶ್ನಾವಳಿ ಮಾಡಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಬತ್ತಿಹೋಗೋದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗೋದು, ತನ್ನಿಂದ ಏನೂ ಆಗ್ತಿಲ್ಲ ಅನ್ನಿಸೋದು. ಇದನ್ನ ಕಾಯಿಲೆ ಅಂತ ಅದು ಕರೆಯಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರೋ ಸ್ಥಿತಿ ಅಂತ ಕರೆಯಿತು. ಅಂದರೆ ರಿಪೇರಿ ಮಾಡಬೇಕಾದ್ದು ಮನುಷ್ಯನನ್ನ ಮಾತ್ರ ಅಲ್ಲ, ಕೆಲಸದ ಜಾಗವನ್ನೂ.

ಆಸ್ಪತ್ರೆಯಲ್ಲಿ ಎರಡನೇ ಲಕ್ಷಣವನ್ನ ನಾವು ತಪ್ಪು ತಿಳಿಯೋದೇ ಹೆಚ್ಚು. ಸಿಡುಕೋ ಸಿಸ್ಟರನ್ನ ನೋಡಿ ಸೊಕ್ಕು ಅಂತೀವಿ. ಒಂದು ರಾತ್ರಿಗೆ ಅವರ ಪಾಲಿಗೆ ಬಂದ ಬೆಡ್ಡುಗಳು ಎಷ್ಟು ಅಂತ ಎಣಿಸಲ್ಲ.

ನಮ್ಮ ಮೆಟೀರಿಯಲ್ಸ್ ಪಾಠ ನೆನಪಿದೆಯಾ? ಜರ್ಮನಿಯ ವ್ಯೋಲರ್ ಅನ್ನೋ ಎಂಜಿನಿಯರ್ ರೈಲಿನ ಆಕ್ಸಲ್‌ಗಳು ಯಾಕೆ ಮುರಿಯುತ್ತವೆ ಅಂತ ಹುಡುಕಿದವನು. ಒಂದೇ ಸಲದ ದೊಡ್ಡ ಭಾರಕ್ಕೆ ಅವು ಮುರೀತಿರಲಿಲ್ಲ. ತಡೆಯಬಲ್ಲ ಭಾರವೇ ಲಕ್ಷಾಂತರ ಸಲ ಬಿದ್ದು ಬಿದ್ದು ಒಳಗೆ ಬಿರುಕು ಬೆಳೆದು ಒಂದಿನ ಮುರೀತಿದ್ದವು. ಅದಕ್ಕೆ ನಾವು ಫಟೀಗ್ ಅನ್ನೋ ಹೆಸರನ್ನೇ ಇಟ್ಟಿದ್ದೀವಿ, ದಣಿವು. ಒಂದೇ ವ್ಯತ್ಯಾಸ. ಲೋಹಕ್ಕೆ ವಿಶ್ರಾಂತಿ ಕೊಟ್ಟರೂ ಬಿರುಕು ಮುಚ್ಚಲ್ಲ. ಮನುಷ್ಯನಿಗೆ ನಿದ್ದೆ, ರಜೆ, ಮಾತಾಡೋಕೆ ಒಬ್ಬ ಜೊತೆಗಾರ ಸಿಕ್ಕರೆ ಚೇತರಿಸಿಕೊಳ್ತಾನೆ.

ನಮ್ಮ ಕಡೆಯ ಲೆಕ್ಕ

ಯಲವಿಗಿಯಂಥ ಬಯಲುಸೀಮೆಯ ಊರುಗಳಿಗೆ ಸರ್ಕಾರದ ಅಳತೆ ಹೀಗಿದೆ: 1,000 ಜನಕ್ಕೆ ಒಬ್ಬ ಆಶಾ, 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಹಳ್ಳಿಯಲ್ಲಿ ಎಲ್ಲರೂ ನರ್ಸಬಾಯಿ ಅಂತ ಕರೆಯೋ ಹೆಣ್ಣುಮಗಳ ತಲೆ ಮೇಲೆ ಆ 5,000 ಜನರ ಬಸುರಿ, ಬಾಣಂತಿ, ಲಸಿಕೆ, ಜ್ವರದ ಸಮೀಕ್ಷೆ ಎಲ್ಲ ಇರುತ್ತೆ. ಐದು ಜನರ ತಂಡದಲ್ಲಿ ಒಬ್ಬರೇ ಉಳಿದ ಡಾಕ್ಟರ ಕಥೆ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಉಪಕೇಂದ್ರದ ಹುದ್ದೆ ಖಾಲಿ ಇದ್ದರೆ ಅಲ್ಲಿನ ಕೆಲಸವೂ ಇವರಿಗೇ ಬರುತ್ತೆ.

ಕಾಗದದ ಮೇಲೆ ಒಳ್ಳೆಯ ನಿಯಮಗಳು ಇಲ್ಲದೇ ಇಲ್ಲ. ರೆಸಿಡೆಂಟ್ ಡಾಕ್ಟರುಗಳಿಗೆ ಒಂದೇ ಸಲ 12 ಗಂಟೆ ಮೀರದಂತೆ, ವಾರಕ್ಕೆ 48 ಗಂಟೆ ಕೆಲಸ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ಐಸಿಯುನಲ್ಲಿ ಪ್ರತಿ ಪಾಳಿಗೆ ಒಬ್ಬ ರೋಗಿಗೆ ಒಬ್ಬ ನರ್ಸ್, ಅದರ ಮೇಲೆ ರಜೆಗಾಗಿ 30 ಪ್ರತಿಶತ ಹೆಚ್ಚುವರಿ ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ಅಳತೆ. ಆ 30 ಪ್ರತಿಶತ ನಮ್ಮ ಭಾಷೆಯಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ. ಸೇತುವೆ ಕಟ್ಟುವಾಗ ಅದನ್ನ ದಂಡದ ಖರ್ಚು ಅಂತ ಯಾರೂ ತೆಗೆಯಲ್ಲ. ಆಸ್ಪತ್ರೆಯಲ್ಲಿ ಮಾತ್ರ ಮೊದಲು ಕತ್ತರಿ ಬೀಳೋದು ಅಲ್ಲೇ. ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಅನ್ನೋ ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನೂ ಪರಿಷತ್ತು ತಂದಿದೆ. ಹೆಚ್ಚು ಕಲಿತ ನರ್ಸಿಗೆ ಹೆಚ್ಚು ಜವಾಬ್ದಾರಿ ಕೊಡೋದು ಒಳ್ಳೇದೇ. ಜವಾಬ್ದಾರಿ ಜೊತೆ ಅಧಿಕಾರ ಮತ್ತು ಆಳುಗಳನ್ನ ಕೊಡದಿದ್ದರೆ ಅದು ಬಡ್ತಿ ಹೆಸರಿನ ಇನ್ನೊಂದು ಹೊರೆ.

ಇದರಲ್ಲಿ ನಮ್ಮ ಪಾಲೂ ಇದೆ. ಐಸಿಯುನಲ್ಲಿ ಕೂಗೋ ಮಾನಿಟರ್ ಅಲಾರಂಗಳಲ್ಲಿ ಬಹುಪಾಲು ಯಾವ ಕ್ರಮವೂ ಬೇಕಿಲ್ಲದ ಸುಳ್ಳು ಕೂಗುಗಳು. ಕೇಳಿ ಕೇಳಿ ನರ್ಸಿನ ಕಿವಿ ಮರಗಟ್ಟುತ್ತೆ, ನಿಜವಾದ ಕೂಗು ಅದರಲ್ಲಿ ಕಳೆದುಹೋಗುತ್ತೆ. ಆ ಥ್ರೆಶೋಲ್ಡ್ ಇಟ್ಟೋರು ಎಲೆಕ್ಟ್ರಾನಿಕ್ಸ್ ಓದಿದ ನಮ್ಮಂಥವರು. ರಿಜಿಸ್ಟರಿನಲ್ಲಿ ಒಮ್ಮೆ ಬರೆದದ್ದನ್ನ ಆ್ಯಪಿನಲ್ಲಿ ಇನ್ನೊಮ್ಮೆ ತುಂಬಿಸೋ ಸಾಫ್ಟ್‌ವೇರ್ ಬರೆಯೋರೂ ನಾವೇ. ನಾಳೆ ಆಸ್ಪತ್ರೆಗೆ ಏನಾದರೂ ಮಾಡೋ ಪ್ರಾಜೆಕ್ಟ್ ಹಿಡಿದರೆ, ಮೊದಲು ಒಂದು ಪೂರ್ತಿ ನೈಟ್ ಶಿಫ್ಟ್ ನರ್ಸಿನ ಹಿಂದೆ ನಿಂತು ನೋಡಿ. ಅವರ ಒಂದು ಕೆಲಸ ಕಡಿಮೆ ಆಗದಿದ್ದರೆ ಆ ಪ್ರಾಜೆಕ್ಟ್ ಬೇಡ. ಡ್ಯೂಟಿ ರೋಸ್ಟರ್ ಹಾಕೋದು ಕೂಡ ಒಂದು ಆಪ್ಟಿಮೈಸೇಷನ್ ಸಮಸ್ಯೆ. ಅಲ್ಲಿ ನಿದ್ದೆಯ ಗಂಟೆಯನ್ನ ಕನ್‌ಸ್ಟ್ರೇಂಟ್ ಆಗಿ ಇಡಬೇಕು, ಉಳಿದರೆ ಕೊಡೋ ದಾನವಾಗಿ ಅಲ್ಲ.

ಕೋಟ್ನಿಸ್ ಹುಟ್ಟಿದ ಅಕ್ಟೋಬರ್ 10 ಈಗ ವಿಶ್ವ ಮಾನಸಿಕ ಆರೋಗ್ಯ ದಿನ. ಇದು ಬರೀ ಕಾಕತಾಳೀಯ. 2022ರ ಅದೇ ದಿನ ನಮ್ಮ ದೇಶದಲ್ಲಿ ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. ನಂಬರ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್, ಅದರ ತಂತ್ರಜ್ಞಾನದ ಹಿಂದೆ ಇರೋದು ಬೆಂಗಳೂರಿನ ಐಐಐಟಿ. ದಣಿದ ಡಾಕ್ಟರು, ನರ್ಸು, ಆಶಾ ಅಕ್ಕ ಯಾರೇ ಆಗಲಿ, ರಾತ್ರಿ ಮೂರಕ್ಕೂ ಕರೆ ಮಾಡಬಹುದು. ಹಾಸ್ಟೆಲ್ಲಿನಲ್ಲಿ ಬ್ಯಾಕ್‌ಲಾಗ್ ಹಿಡ್ಕೊಂಡು ಕೂತಿರೋ ನೀವೂ ಕೂಡ. ನಂಬರ್ ಸೇವ್ ಮಾಡಿಕೊಳ್ಳಿ, ಮನೆಗೆ ಫೋನ್ ಮಾಡಿದಾಗ ನಿಮ್ಮ ನರ್ಸಕ್ಕನಿಗೂ ಕಳಿಸಿ. ಊಟ ಆಯ್ತಾ ಅಂತ ಕೇಳೋದರ ಜೊತೆ ನಿನ್ನೆ ಎಷ್ಟು ಗಂಟೆ ಮಲಗಿದೆ ಅಂತಲೂ ಒಂದು ಮಾತು ಕೇಳಿ.